ರೇಡಿಯೋದ ಗರಗರ ಸದ್ದು: ಲಕೋಟೆ ಒಡೆಯದೆ ಓದಿದವರ ಇತಿಹಾಸ

ನಮ್ಮ ಅಕ್ಕಲಕೋಟೆ ಸೀಮೆಯ ಕನ್ನಡ ಮನೆಗಳಲ್ಲಿ ರೇಡಿಯೋ ಅಂದರೆ ಬಹಳ ವರ್ಷ ಧಾರವಾಡ ಮತ್ತು ಕಲಬುರಗಿ. ಧಾರವಾಡ 765 ಕಿಲೋಹರ್ಟ್ಜ್, ಕಲಬುರಗಿ 1107. ಎರಡೂ ಮೀಡಿಯಂ ವೇವ್. ಹಿಂದಿ ಹಾಡಿನ ಹುಚ್ಚಿದ್ದವರು ಮಾತ್ರ ಗುಂಡಿ ಒತ್ತಿ ಶಾರ್ಟ್‌ವೇವಿಗೆ ಹೋಗುತ್ತಿದ್ದರು. ಸಿಲೋನಿನ ಬಿನಾಕಾ ಗೀತಮಾಲಾ ಬರುತ್ತಿದ್ದದ್ದು ಅಲ್ಲಿಯೇ. ಹಾಗೆ ಮುಳ್ಳು ಸರಿಸುತ್ತ ಹೋಗುವಾಗ ಎರಡು ಸ್ಟೇಷನ್ನುಗಳ ನಡುವೆ ಏನೇನೋ ಸದ್ದು ಕೇಳುತ್ತಿದ್ದವು. ಒಂದು ಗರಗರ, ಒಂದು ಟಕಟಕ, ಇನ್ನೊಂದು ಜೇನುಹುಳ ಗುಂಯ್‌ಗುಟ್ಟಿದ ಹಾಗೆ. "ಡಿಸ್ಟರ್ಬ್ ಐತಿ" ಅಂತ ಎಲ್ಲರೂ ಮುಳ್ಳನ್ನು ಮುಂದೆ ತಳ್ಳುತ್ತಿದ್ದರು.

ಆ ಸದ್ದುಗಳಲ್ಲಿ ಗುಡುಗಿನದು, ಮೋಟಾರಿನದು ಸೇರಿದ್ದೇನೋ ನಿಜ. ಆದರೆ ಕೆಲವು ಮನುಷ್ಯರು ಬೇಕಂತಲೇ ಕಳಿಸಿದವು. ಹಡಗಿನಿಂದ ದಂಡೆಗೆ, ಠಾಣೆಯಿಂದ ವಿಮಾನಕ್ಕೆ, ಒಂದು ಸೈನ್ಯದ ಕಚೇರಿಯಿಂದ ಇನ್ನೊಂದಕ್ಕೆ ಅಕ್ಷರ ಮತ್ತು ಅಂಕಿಗಳನ್ನು ಸದ್ದಿನ ರೂಪದಲ್ಲಿ ಕಳಿಸುವ ಯಂತ್ರಗಳ ಮಾತು ಅದು. ಆ ಮಾತಿನ ಒಳಗೆ ಏನಿದೆ ಅಂತ ನಮಗೆ ತಿಳಿಯುವುದಿಲ್ಲ, ತಿಳಿಯಲೂಬಾರದು. ಆದರೆ ಅದು ಯಾವ ಜಾತಿಯ ಸದ್ದು ಅಂತ ಗುರುತಿಸುವ ಒಂದು ವಿದ್ಯೆ ಇದೆ. ಅಂಚೆ ಪೇದೆ ಲಕೋಟೆ ಒಡೆಯುವುದಿಲ್ಲ. ಆದರೂ ಠಸ್ಸೆ, ಕೈಬರಹ, ತೂಕ ನೋಡಿ ಇದು ಕೋರ್ಟಿನ ಕಾಗದ, ಇದು ಸೊಸೆಯ ತವರಿನ ಕಾಗದ ಅಂತ ಹೇಳಬಲ್ಲ. ಇದೂ ಹಾಗೆಯೇ. ಈ ವಿದ್ಯೆ ಹೇಗೆ ಬೆಳೆಯಿತು, ನಮ್ಮ ನಾಡಿಗೂ ಅದಕ್ಕೂ ಏನು ನಂಟು, ಹಳ್ಳಿಯವರಾದ ನಮಗೆ ಅದರಿಂದ ಏನಾಗಬೇಕು ಅಂತ ಈ ಲೇಖನದಲ್ಲಿ ಹೇಳುತ್ತೇನೆ.

ಮೊದಲು ಶಾರ್ಟ್‌ವೇವ್ ಅಂದರೆ ಏನು ಅಂತ ನೋಡೋಣ. 3ರಿಂದ 30 ಮೆಗಾಹರ್ಟ್ಜ್‌ವರೆಗಿನ ರೇಡಿಯೋ ಅಲೆಗಳಿಗೆ ಈ ಹೆಸರು. ಎಫ್‌ಎಂ ಅಲೆ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಮುಗಿಯಿತು. ಶಾರ್ಟ್‌ವೇವ್ ಹಾಗಲ್ಲ. ನೆಲದಿಂದ ನೂರಾರು ಕಿಲೋಮೀಟರ್ ಎತ್ತರದಲ್ಲಿ, ಸೂರ್ಯನ ಬಿಸಿಲಿಗೆ ವಿದ್ಯುತ್ ಕಣಗಳಾಗಿ ಒಡೆದ ಗಾಳಿಯ ಪದರವಿದೆ. ಅದಕ್ಕೆ ಅಯಾನುಗೋಳ ಅಂತ ಹೆಸರು. ಗೋಡೆಗೆ ಎಸೆದ ಚೆಂಡಿನಂತೆ ಅಲೆ ಅಲ್ಲಿಗೆ ತಾಗಿ ಕೆಳಗೆ ಬಾಗುತ್ತದೆ. ಒಂದೇ ಜಿಗಿತಕ್ಕೆ ಎರಡು ಮೂರು ಸಾವಿರ ಕಿಲೋಮೀಟರ್ ದಾಟುತ್ತದೆ. ಈ ಪದರದ ಅಧ್ಯಯನದಲ್ಲಿ ಕಲ್ಕತ್ತೆಯ ಶಿಶಿರ್ ಕುಮಾರ್ ಮಿತ್ರ ಅವರ ಹೆಸರು ಜಗತ್ತಿಗೇ ಗೊತ್ತು. ಬಿಸಿಲು ಏರಿ ಇಳಿದಂತೆ ಪದರವೂ ಬದಲಾಗುತ್ತದೆ. ಅದಕ್ಕೇ ಮಧ್ಯಾಹ್ನ ಸತ್ತಂತಿರುವ ಪಟ್ಟಿ ರಾತ್ರಿ ಸಂತೆಯ ಹಾಗೆ ಗಿಜಿಗುಡುತ್ತದೆ.

ಸೈನ್ಯಗಳಿಗೆ ಇದು ಯಾಕೆ ಬೇಕು? ನಡುವೆ ಯಾರ ತಂತಿಯೂ ಬೇಡ, ಗೋಪುರವೂ ಬೇಡ, ಉಪಗ್ರಹವೂ ಬೇಡ. ಒಂದು ಪೆಟ್ಟಿಗೆ, ಒಂದು ಬ್ಯಾಟರಿ, ಎರಡು ಕಂಬದ ನಡುವೆ ಒಂದು ತಂತಿ ಇದ್ದರೆ ಸಾಕು. ಆದರೆ ಇದಕ್ಕೊಂದು ಬೆಲೆ ಇದೆ. ಆಕಾಶಕ್ಕೆ ತಾಗಿ ಬರುವ ಅಲೆ ಮಿತ್ರನ ಅಂಗಳದಲ್ಲಿ ಮಾತ್ರ ಬೀಳುವುದಿಲ್ಲ, ಎಲ್ಲರ ಅಂಗಳದಲ್ಲೂ ಬೀಳುತ್ತದೆ. ಊರಬಾವಿಯ ಕಟ್ಟೆಯ ಮೇಲೆ ನಿಂತು ಗುಟ್ಟು ಹೇಳಿದ ಹಾಗೆ. ಗುಟ್ಟನ್ನು ಸಂಕೇತದಲ್ಲಿ ಮುಚ್ಚಬಹುದು. ಆದರೆ ಯಾರೋ ಮಾತಾಡಿದರು ಅನ್ನೋದನ್ನು ಮುಚ್ಚಲು ಬರುವುದಿಲ್ಲ.

ನಮ್ಮ ದೇಶದಲ್ಲಿ ಇದನ್ನು ತೋರಿಸಿಕೊಟ್ಟ ವರ್ಷ 1942. ಚಲೇಜಾವ್ ಚಳವಳಿ ಶುರುವಾಗಿ ನಾಯಕರೆಲ್ಲ ಜೇಲು ಸೇರಿದ್ದರು. ಪತ್ರಿಕೆಗಳ ಬಾಯಿ ಕಟ್ಟಿತ್ತು. ಆಗ ಮುಂಬೈಯಲ್ಲಿ 22 ವರ್ಷದ ಉಷಾ ಮೆಹ್ತಾ ಮತ್ತು ಗೆಳೆಯರು ಕಾಂಗ್ರೆಸ್ ರೇಡಿಯೋ ಅಂತ ಗುಪ್ತ ಸ್ಟೇಷನ್ ಹೂಡಿದರು. 1942ರ ಆಗಸ್ಟ್ 27ರಂದು 42.34 ಮೀಟರಿನಲ್ಲಿ ಅದರ ದನಿ ಕೇಳಿತು. ರಾಮಮನೋಹರ ಲೋಹಿಯಾ ಅವರ ಬೆಂಬಲ ಅದಕ್ಕಿತ್ತು. ಮೀಟರಿನ ಲೆಕ್ಕವನ್ನು ಇವತ್ತಿನ ಲೆಕ್ಕಕ್ಕೆ ತಂದರೆ ಸುಮಾರು 7.08 ಮೆಗಾಹರ್ಟ್ಜ್ ಆಗುತ್ತದೆ. ಈಗ ಅದೇ ಜಾಗ ಹವ್ಯಾಸಿ ರೇಡಿಯೋದವರಿಗೆ, ಅಂದರೆ ಹ್ಯಾಮ್‌ಗಳಿಗೆ ಬಿಟ್ಟಿರುವ ಪಟ್ಟಿಯೊಳಗೆ ಬರುತ್ತದೆ.

ಸರ್ಕಾರ ಸುಮ್ಮನೆ ಕೂಡಲಿಲ್ಲ. ಎರಡನೆಯ ಮಹಾಯುದ್ಧ ಶುರುವಾದಾಗಲೇ ಹ್ಯಾಮ್‌ಗಳ ಲೈಸೆನ್ಸ್ ರದ್ದು ಮಾಡಿ, ಕಳಿಸುವ ಯಂತ್ರಗಳನ್ನು ಪೊಲೀಸರಿಗೆ ಒಪ್ಪಿಸಲು ಹೇಳಿತ್ತು. ಈಗ ದಿಕ್ಕು ಹುಡುಕುವ ಯಂತ್ರ ಹೊತ್ತ ವ್ಯಾನುಗಳು ಮುಂಬೈಯ ಬೀದಿಗಿಳಿದವು. ಇದರ ಹಿಂದಿನ ಉಪಾಯ ಸರಳ. ಊರ ಹೊರಗೆ ಎಲ್ಲೋ ಡೊಳ್ಳು ಬಾರಿಸುತ್ತಿದ್ದರೆ ಅಗಸಿಯಲ್ಲಿ ನಿಂತು ಒಂದು ದಿಕ್ಕಿಗೆ ಬೆರಳು ತೋರಿಸಿ, ಆಮೇಲೆ ಕೆರೆಯ ಏರಿಯ ಮೇಲೆ ನಿಂತು ಇನ್ನೊಮ್ಮೆ ತೋರಿಸಿ. ಎರಡು ಗೆರೆ ಕೂಡುವಲ್ಲಿ ಡೊಳ್ಳು ಇದೆ. ರೇಡಿಯೋದವರು ಜಾಗ ಬದಲಿಸುತ್ತ ಹೋದರು. ಕೊನೆಗೆ ಒಳಗಿನವರಿಂದಲೂ ಸುಳಿವು ಸಿಕ್ಕಿ, 1942ರ ನವೆಂಬರ್ 12ರಂದು ಪೊಲೀಸರು ಮುತ್ತಿಗೆ ಹಾಕಿದರು. ಉಷಾ ಮೆಹ್ತಾ ಅವರಿಗೆ ನಾಲ್ಕು ವರ್ಷ ಜೇಲು. ದನಿ ಎತ್ತಿದವರು ಎಲ್ಲಿದ್ದಾರೆ ಅಂತ ದನಿಯೇ ಹೇಳಿಬಿಡುತ್ತದೆ ಅನ್ನೋದು ಮೊದಲ ಪಾಠ.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಅದು ನಮ್ಮ ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಜಪಾನಿನ ಸೈನ್ಯ ಬರ್ಮಾವರೆಗೆ ಬಂದಿತ್ತು. 1942ರ ಮಾರ್ಚ್ 8ರಂದು ರಂಗೂನ್ ಬಿತ್ತು. ಜಪಾನೀ ಸೈನ್ಯದ ರೇಡಿಯೋ ಸಂದೇಶಗಳನ್ನು ಹಿಡಿಯಲು ಬ್ರಿಟಿಷರು ದಿಲ್ಲಿಯ ಆನಂದ ಪರ್ಬತ್ ಗುಡ್ಡದ ಮೇಲೆ, ರಾಮಜಸ್ ಕಾಲೇಜಿನ ಜಾಗದಲ್ಲಿ, ಒಂದು ಕೇಂದ್ರ ತೆರೆದರು. ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್ ಅಂತ ಏನೂ ತಿಳಿಯದಂಥ ಹೆಸರಿಟ್ಟರು. ಇಂಗ್ಲೆಂಡಿನ ಪ್ರಸಿದ್ಧ ಬ್ಲೆಚ್ಲಿ ಪಾರ್ಕಿನ ಶಾಖೆ ಅದು. ಅದಕ್ಕೆ ಕಿವಿಗಳಾಗಿ ಎರಡು ಠಾಣೆ ಇದ್ದವು. ಒಂದು ಕಲ್ಕತ್ತೆಯ ಹತ್ತಿರ ಬರಾಕ್‌ಪುರದಲ್ಲಿ. ಇನ್ನೊಂದು ಬೆಂಗಳೂರಿನಲ್ಲಿ, ಅದರ ಹೆಸರು ವೆಸ್ಟರ್ನ್ ವೈರ್‌ಲೆಸ್ ಸಿಗ್ನಲ್ ಸೆಂಟರ್.

ಇಂಥ ಠಾಣೆಯಲ್ಲಿ ಕೂತವನ ಕೆಲಸ ಏನು? ಕಿವಿಗೆ ಹೆಡ್‌ಫೋನು, ಕೈಯಲ್ಲಿ ಪೆನ್ಸಿಲು. ಮೋರ್ಸಿನ ಕಟ್ಟ ಕಡ ಕೇಳುತ್ತ ಬರೆಯುತ್ತ ಹೋಗಬೇಕು. ಜಪಾನಿಗೆ ತನ್ನದೇ ಲಿಪಿಯ ಬೇರೆ ಮೋರ್ಸ್ ಇತ್ತು, ಅದನ್ನೂ ಕಲಿಯಬೇಕಾಯಿತು. ಬರೆದುಕೊಂಡದ್ದರ ಅರ್ಥ ಬರೆದವನಿಗೇ ತಿಳಿಯುತ್ತಿರಲಿಲ್ಲ, ಎಲ್ಲ ಬರೀ ಅಂಕಿ. ಆದರೆ ಸಂದೇಶದ ಜೊತೆಗೆ ಇನ್ನೂ ನಾಲ್ಕು ಮಾತು ದಾಖಲಾಗುತ್ತಿದ್ದವು: ಎಷ್ಟು ಗಂಟೆಗೆ ಬಂತು, ಯಾವ ಫ್ರೀಕ್ವೆನ್ಸಿ, ಯಾರು ಯಾರನ್ನು ಕರೆದರು, ಎಷ್ಟು ಉದ್ದ. ದಿನಾ ಹತ್ತು ಸಂದೇಶ ಕಳಿಸುವ ಠಾಣೆ ಒಂದು ದಿನ ನೂರು ಕಳಿಸಿದರೆ ಅಲ್ಲಿ ಏನೋ ನಡೆದಿದೆ ಅಂತ ಅರ್ಥ. ಮೋರ್ಸ್ ಒತ್ತುವ ಕೈಗೂ ಒಂದು ಚಾಳಿ ಇರುತ್ತದೆ. ಕಟ್ಟೆಗೆ ಬರುವವರ ಕೆರದ ಸಪ್ಪಳ ಕೇಳಿ ಇಂಥವರೇ ಅಂತ ನಾವು ಹೇಳುವ ಹಾಗೆ, ಪಳಗಿದ ಕಿವಿಯವರು ಕೈ ಗುರುತಿಸುತ್ತಿದ್ದರು. ಆ ಕೈ ಹೋದ ತಿಂಗಳು ಒಂದು ಊರಿನಲ್ಲಿದ್ದು ಈ ತಿಂಗಳು ಇನ್ನೊಂದು ದಿಕ್ಕಿನಿಂದ ಕೇಳಿದರೆ ಪಡೆ ಜಾಗ ಬದಲಿಸಿತು ಅಂತಲೇ ಲೆಕ್ಕ. ಸಂದೇಶದ ಒಂದಕ್ಷರ ಓದದೆ ಇಷ್ಟೆಲ್ಲ ತಿಳಿಯುತ್ತಿತ್ತು.

ಓದುವ ಕೆಲಸಕ್ಕೂ ದಾರಿ ಆದದ್ದು ಈ ಹೊರಗಿನ ಗುರುತೇ. ಜಪಾನೀ ಸೈನ್ಯದ ಹಡಗು ಸಾಗಣೆಯ ಸಂಕೇತ ನಾಲ್ಕು ನಾಲ್ಕು ಅಂಕಿಗಳ ಗುಂಪುಗಳಲ್ಲಿ ಬರುತ್ತಿತ್ತು. 1943ರಲ್ಲಿ ದಿಲ್ಲಿಯ ಕೇಂದ್ರದ ವಿಲ್ಫ್ರಿಡ್ ನಾಯ್ಸ್ ಮತ್ತು ಮಾರಿಸ್ ಅಲೆನ್ ರಾಶಿ ರಾಶಿ ಸಂದೇಶಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರು. ಮೂರನೆಯ ಗುಂಪಿನ ಮೊದಲ ಅಂಕಿ ಮಾತ್ರ ಮನಬಂದಂತೆ ಬರುತ್ತಿಲ್ಲ, ಅದಕ್ಕೊಂದು ನಿಯಮ ಇದೆ ಅಂತ ಹೊಳೆಯಿತು. ಆ ಎಳೆ ಹಿಡಿದು ಎಳೆದದ್ದಕ್ಕೆ ಇಡೀ ಸಂಕೇತ ಬಿಚ್ಚಿಕೊಂಡಿತು. ಜಪಾನೀ ಸೈನ್ಯದ ದೊಡ್ಡ ಸಂಕೇತಗಳಲ್ಲಿ ಮೊದಲು ಮುರಿದದ್ದು ಇದೇ. ಈ ನಾಯ್ಸ್ ಶಾಲಾ ಮಾಸ್ತರ, ಪರ್ವತಾರೋಹಿ ಕೂಡ. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದ ತಂಡದಲ್ಲಿ ಅವನೂ ಇದ್ದ.

ಆದರೆ ಲಕೋಟೆಯೂ ಸುಳ್ಳು ಹೇಳಬಹುದು. 1944ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಸೈನ್ಯ ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿಯಬೇಕಾಗಿತ್ತು. ಇಳಿಯುವುದು ಕ್ಯಾಲೆ ಕಡೆಗೆ ಅಂತ ಜರ್ಮನರನ್ನು ನಂಬಿಸಲು ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿ ಇಲ್ಲದ ಒಂದು ದೊಡ್ಡ ಸೈನ್ಯವನ್ನೇ ಹುಟ್ಟಿಸಿದರು. ಅದಕ್ಕೆ ಪ್ಯಾಟನ್ ಎಂಬ ಹೆಸರಾಂತ ಸೇನಾಪತಿ. ಕೆಲವೇ ರೇಡಿಯೋ ಗಾಡಿಗಳು ಅಲ್ಲಿ ಇಲ್ಲಿ ತಿರುಗುತ್ತ, ನಿಜವಾದ ಸೈನ್ಯ ಕಳಿಸುವಷ್ಟು ಸಂದೇಶ ಕಳಿಸಿದವು. ಕೇಳುತ್ತ ಕೂತ ಜರ್ಮನರು ಲೆಕ್ಕ ಹಾಕಿ ನಂಬಿದರು. ಆದ್ದರಿಂದ ಸದ್ದು ಗುರುತಿಸುವವರು ಎರಡು ಮಾತನ್ನು ಬೇರೆ ಬೇರೆ ಇಡಬೇಕು: ಕಿವಿಗೆ ಬಿದ್ದದ್ದು ಇಷ್ಟು, ನಾವು ಊಹಿಸಿದ್ದು ಇಷ್ಟು. ಇವೆರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಜೋಳದಲ್ಲಿ ಹರಳು ಬೆರೆಸಿದ ಹಾಗೆ.

ಗಡಿಯ ಜನರಿಗೆ ಈ ಮಾತು ಬೇಗ ತಿಳಿಯಬೇಕು. 1948ರಲ್ಲಿ ಅಕ್ಕಲಕೋಟೆ ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರಿ ಸೊಲ್ಲಾಪುರ ಜಿಲ್ಲೆಯ ಭಾಗವಾಯಿತು. ಆಚೆ ಕಡೆ ಕಲಬುರಗಿ, ಉಸ್ಮಾನಾಬಾದ ಎಲ್ಲ ನಿಜಾಮನ ಕೈಯಲ್ಲಿ. ಅದೇ ಸೆಪ್ಟೆಂಬರ್ 13ರ ನಸುಕಿನಲ್ಲಿ ಜನರಲ್ ಚೌಧರಿಯವರ ಪಡೆ ಸೊಲ್ಲಾಪುರದಿಂದ ಹೊರಟಿತು. ಬೋರಿ ನದಿಯ ಸೇತುವೆ ಕೈವಶ ಮಾಡಿಕೊಂಡು ನಳದುರ್ಗ ಹಿಡಿದು, ಆ ದಿನ ಮಧ್ಯಾಹ್ನದ ಹೊತ್ತಿಗೆ ಉಮರ್ಗಾ ಮುಟ್ಟಿತು. ಟ್ಯಾಂಕು, ಮೋಟಾರುಗಳು ಅಷ್ಟು ವೇಗದಲ್ಲಿ ಹೋಗುವಾಗ ಅವುಗಳನ್ನು ಒಂದು ಕಟ್ಟಿನಲ್ಲಿ ಇಡುವುದು ವೈರ್‌ಲೆಸ್ಸೇ. ಸೆಪ್ಟೆಂಬರ್ 17ರಂದು ಯುದ್ಧ ನಿಂತಿತು ಅಂತ ಜನರಿಗೆ ತಿಳಿದದ್ದೂ ನಿಜಾಮನ ರೇಡಿಯೋ ಭಾಷಣದಿಂದ. ಆ ವರ್ಷದ ಹಿರಿಯರ ಮಾತು ಕೇಳಿದವರಿಗೆ ಗೊತ್ತು, ಗಡಿಯ ಹಳ್ಳಿಗಳಲ್ಲಿ ಗುಂಡಿಗಿಂತ ಮೊದಲು ಬರುತ್ತಿದ್ದದ್ದು ಸುಳ್ಳು ಸುದ್ದಿ.

ಅದೇ 1948ರ ಮೇ 15ರಂದು ಮಧ್ಯಪ್ರದೇಶದ ಮಹೂ ಎಂಬಲ್ಲಿ, ಸೈನ್ಯದ ಸಿಗ್ನಲ್ ಶಾಲೆಯಲ್ಲಿ, ಭಾರತದ ಹವ್ಯಾಸಿ ರೇಡಿಯೋದವರ ಕ್ಲಬ್ಬು ಶುರುವಾಯಿತು. ಮುಂದೆ ಅದು ದಿಲ್ಲಿಗೆ ಹೋಗಿ 1954ರಲ್ಲಿ ಅಮೆಚೂರ್ ರೇಡಿಯೋ ಸೊಸೈಟಿ ಆಫ್ ಇಂಡಿಯಾ ಆಯಿತು. 1954ರಲ್ಲೇ ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿತು. ನಮ್ಮ ಸೈನ್ಯದ ರೇಡಿಯೋ ಸೆಟ್ಟುಗಳು ಅಲ್ಲಿ ತಯಾರಾಗತೊಡಗಿದವು. ಸೈನಿಕರ ರೇಡಿಯೋ ಮತ್ತು ಜನಸಾಮಾನ್ಯರ ರೇಡಿಯೋ ಒಂದೇ ಮನೆಯ ಅಣ್ಣತಮ್ಮಂದಿರು. ಹೊಲ ಹಂಚಿಕೊಂಡಿದ್ದಾರೆ, ಬದುವೂ ಇದೆ. ಜಗಳ ಬರುವುದು ಬದು ದಾಟಿದಾಗ.

ಹಾಗೆ ಬದು ದಾಟಿದ ದೊಡ್ಡ ಪ್ರಸಂಗ 1976ರದು. ಆ ವರ್ಷದ ಜುಲೈಯಲ್ಲಿ ಜಗತ್ತಿನ ಶಾರ್ಟ್‌ವೇವ್ ಪಟ್ಟಿಗಳಲ್ಲಿ ಒಂದು ಹೊಸ ಸದ್ದು ಎದ್ದಿತು. ಟಕ್ ಟಕ್ ಟಕ್ ಅಂತ ಸೆಕೆಂಡಿಗೆ ಹತ್ತು ಸಲ. ಮರಕುಟುಕ ಹಕ್ಕಿ ಮರ ಕುಕ್ಕಿದ ಹಾಗೆ ಇದ್ದದ್ದರಿಂದ ರಷ್ಯಾದ ಮರಕುಟುಕ ಅಂತಲೇ ಅದಕ್ಕೆ ಹೆಸರು ಬಿತ್ತು. ಹಾಡು, ಸುದ್ದಿ, ಹಡಗಿನ ಮಾತು, ಹ್ಯಾಮ್‌ಗಳ ಮಾತು ಎಲ್ಲದರ ಮೇಲೂ ಅದು ಕುಕ್ಕುತ್ತಿತ್ತು. ಹ್ಯಾಮ್‌ಗಳು ತಮ್ಮ ಆಂಟೆನಾ ತಿರುಗಿಸಿ ದಿಕ್ಕು ನೋಡಿದರು, ಗೆರೆಗಳು ಉಕ್ರೇನಿನ ಕಡೆ ಕೂಡಿದವು. ಅದು ಸಂದೇಶವಲ್ಲ, ದೂರದ ಕ್ಷಿಪಣಿಗಳನ್ನು ಹುಡುಕುವ ಸೋವಿಯತ್ ರಡಾರ್. ಹೆಸರು ಡುಗಾ, ಜಾಗ ಚೆರ್ನೋಬಿಲ್ ಹತ್ತಿರ. 1989ರ ಕೊನೆಗೆ ಅದು ಸುಮ್ಮನಾಯಿತು. ಒಂದು ಮಹಾಶಕ್ತಿ ಬಾಯಿಬಿಟ್ಟು ಹೇಳದ ಸಂಗತಿಯನ್ನು ಮನೆಯಲ್ಲಿ ಕೂತ ಸಾಮಾನ್ಯರು ಸದ್ದಿನ ತಾಳ ಎಣಿಸಿ, ದಿಕ್ಕು ಅಳೆದು ಕಂಡುಕೊಂಡರು. ಹ್ಯಾಮ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಈಗಲೂ ತಮ್ಮ ಪಟ್ಟಿಗೆ ನುಗ್ಗುವವರನ್ನು ಹೀಗೆಯೇ ಗುರುತಿಸಿ ವರದಿ ಮಾಡುತ್ತದೆ. ಭಾರತ ಅದರ ಮೂರನೆಯ ವಲಯದಲ್ಲಿದೆ.

ಇವತ್ತಿನ ಸೈನ್ಯಗಳಲ್ಲಿ ಬೆರಳಿಂದ ಮೋರ್ಸ್ ಒತ್ತುವ ಕೆಲಸ ಬಹಳ ಕಡಿಮೆ. ಕಂಪ್ಯೂಟರಿನ ಅಕ್ಷರವನ್ನು ಮೋಡೆಮ್ ಎಂಬ ಯಂತ್ರ ಸದ್ದಾಗಿ ಮಾಡುತ್ತದೆ. ಕೈಯ ಚಾಳಿ ಹೋಯಿತು, ಯಂತ್ರದ ಚಾಳಿ ಉಳಿಯಿತು. ಸೊಲ್ಲಾಪುರದ ಚಾದರದ ಓಣಿಗಳಲ್ಲಿ ಓಡಾಡಿದವರಿಗೆ ಇದನ್ನು ಹೇಳುವುದು ಸುಲಭ. ಕೈಮಗ್ಗದ ಲಾಳಿಯ ಸದ್ದು ಬೇರೆ, ಪವರ್‌ಲೂಮಿನ ಸದ್ದು ಬೇರೆ. ಒಳಗೆ ಯಾವ ಬಣ್ಣದ ಚಾದರ ನೇಯುತ್ತಿದ್ದಾರೆ ಅಂತ ಬೀದಿಯಲ್ಲಿ ನಿಂತವನಿಗೆ ಗೊತ್ತಾಗುವುದಿಲ್ಲ. ಮಗ್ಗ ಯಾವುದು ಅಂತ ಗೊತ್ತಾಗುತ್ತದೆ.

ನ್ಯಾಟೋ ದೇಶಗಳ ಒಂದು ಮೋಡೆಮ್ಮಿನ ಉದಾಹರಣೆ ಕೊಡುತ್ತೇನೆ. ಅದರ ಹೆಸರು ಸ್ಟ್ಯಾನಾಗ್ 4285. ಅದು ಸೆಕೆಂಡಿಗೆ 2400 ಗುರುತುಗಳನ್ನು ಕಳಿಸುತ್ತದೆ. 256 ಗುರುತಿಗೆ ಒಂದು ಕಟ್ಟು. ಪ್ರತಿ ಕಟ್ಟಿನ ತಲೆಗೆ ಯಾವಾಗಲೂ ಒಂದೇ ಥರದ 80 ಗುರುತು, ಕೇಳುವ ಯಂತ್ರ ತಾಳ ಹಿಡಿಯಲಿ ಅಂತ. ಏಳನೆಯ ಇಯತ್ತೆಯ ಹುಡುಗರಿಗೂ ಬರುವ ಲೆಕ್ಕ ಇದು: 256ನ್ನು 2400ರಿಂದ ಭಾಗಿಸಿದರೆ 0.1067 ಸೆಕೆಂಡು. ಅಂದರೆ ಸೆಕೆಂಡಿಗೆ ಒಂಬತ್ತು ಚಿಲ್ಲರೆ ಸಲ ಅದೇ ತಲೆ ಮರಳಿ ಬರುತ್ತದೆ. ಒಳಗಿನ ಸಂದೇಶ ಏನೇ ಇರಲಿ, ಈ ತಾಳ ತಪ್ಪುವುದಿಲ್ಲ. ಗರಗರದ ಒಳಗೆ ಗುದುಗುದು ಅಂತ ಕೇಳುವುದು ಅದೇ. ಧ್ವನಿ ಮುದ್ರಿಸಿ ಕಂಪ್ಯೂಟರಿನಲ್ಲಿ ಅಳೆದರೆ ಈ 0.1067 ಎದ್ದು ಕಾಣುತ್ತದೆ.

ರಷ್ಯಾದ ಒಂದು ಮೋಡೆಮ್ ಹನ್ನೆರಡು ಸ್ವರಗಳನ್ನು ಒಟ್ಟಿಗೆ ಕಳಿಸುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ನೋಡಿದರೆ ಹನ್ನೆರಡು ತಾಳಿನ ಕೂರಿಗೆ ಎಳೆದ ಸಾಲಿನಂತೆ ಕಾಣುತ್ತದೆ. ಪಕ್ಕದಲ್ಲಿ ಒಂಟಿಯಾಗಿ ಇನ್ನೊಂದು ಗೆರೆ, ಅದು 3300 ಹರ್ಟ್ಜಿನ ದಾರಿ ತೋರುವ ಸ್ವರ. ಇನ್ನೊಂದು ಬಗೆ ಎಂಟು ಸ್ವರದ್ದು: 750 ಹರ್ಟ್ಜ್‌ನಿಂದ 2500ರ ತನಕ, 250ರ ಅಂತರದಲ್ಲಿ. ಹಕ್ಕಿ ಉಲಿದಂತೆ ಪಿರಿಪಿರಿ ಅಂದು ಸುಮ್ಮನಾಗುತ್ತದೆ. ಒಂದೊಂದು ಸ್ವರ 8 ಮಿಲಿಸೆಕೆಂಡು, ಅಂದರೆ ಸೆಕೆಂಡಿಗೆ 125. ಇದು "ಯಾರಾದರೂ ಇದ್ದೀರಾ, ಯಾವ ಫ್ರೀಕ್ವೆನ್ಸಿ ಚೆನ್ನಾಗಿದೆ" ಅಂತ ಯಂತ್ರಗಳು ಒಂದನ್ನೊಂದು ಕರೆಯುವ ಪದ್ಧತಿ. ಹುಟ್ಟಿದ್ದು ಅಮೆರಿಕದ ಸೈನ್ಯಕ್ಕಾಗಿ. ಆದರೆ ಈಗ ಪರಿಹಾರ ಸಂಸ್ಥೆಗಳೂ ಹ್ಯಾಮ್‌ಗಳೂ ಬಳಸುತ್ತಾರೆ. ಆದ್ದರಿಂದ ಮೋಡೆಮ್ ಗುರುತಿಸಿದ ಮಾತ್ರಕ್ಕೆ ಒಡೆಯನನ್ನು ಗುರುತಿಸಿದಂತೆ ಆಗಲಿಲ್ಲ. ಒಂದೇ ಕಂಪನಿಯ ಟ್ರ್ಯಾಕ್ಟರು ಎರಡು ಊರಿನವರೂ ಕೊಳ್ಳುತ್ತಾರೆ.

ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ಊರಿನ ಒಬ್ಬ ಹುಡುಗ ಐಟಿಐ ಓದುತ್ತ, ಮಾಳಿಗೆಯಿಂದ ಬೇವಿನ ಗಿಡಕ್ಕೆ ಉದ್ದ ತಂತಿ ಕಟ್ಟಿ ಶಾರ್ಟ್‌ವೇವ್ ಕೇಳುತ್ತಿದ್ದ. 2025ರ ಮೇ ತಿಂಗಳು, ಆಪರೇಷನ್ ಸಿಂಧೂರದ ದಿನಗಳು. ಎಲ್ಲರ ಫೋನಿನಲ್ಲೂ ಒಂದಕ್ಕೊಂದು ತಾಳೆಯಾಗದ ಸುದ್ದಿ. ರಾತ್ರಿ ಆ ಮನೆಯಿಂದ ಸರ್ ಸರ್ ಅಂತ ವಿಚಿತ್ರ ಸದ್ದು ಕೇಳಿದವರು "ಇಂವ ಯಾರಿಗೋ ಸುದ್ದಿ ಕಳಸ್ಲಿಕತ್ತಾನ" ಅಂದರು. ಬೆಳಗಾಗುವುದರಲ್ಲಿ ಮಾತು ಬೆಳೆದು ಹತ್ತು ಮಂದಿ ಮನೆ ಮುಂದೆ ನಿಂತರು. ಹುಡುಗನ ಅವ್ವ ನನ್ನನ್ನು ಕರೆಸಿದಳು.

ನಾನು ಎಲ್ಲರನ್ನೂ ಕಟ್ಟೆಗೆ ಕೂಡಿಸಿ ಆ ಪೆಟ್ಟಿಗೆ ತರಿಸಿದೆ. ಅದು ಬರೀ ಕೇಳುವ ಯಂತ್ರ, ಕಳಿಸುವ ಭಾಗವೇ ಇಲ್ಲ ಅಂತ ತೋರಿಸಿದೆ. ಒಬ್ಬ ಹಿರಿಯರು ಬಿಡಲಿಲ್ಲ. "ಅದೆಲ್ಲ ಖರೆ ಮಾಸ್ತರ, ಆದರ ಆ ಸಪ್ಪಳ ಯಾರದು? ವೈರಿದಲ್ಲ ಅಂತ ಹ್ಯಾಂಗ ಹೇಳ್ತೀರಿ?" ಅಂದರು. ಕೇಳಬೇಕಾದ ಪ್ರಶ್ನೆಯೇ ಅದು. "ಕಾಕಾ, ನೀವೇ ಎಣಸ್ರಿ" ಅಂದೆ. ಹುಡುಗ ಮುದ್ರಿಸಿಟ್ಟಿದ್ದ ಸದ್ದು ಹಚ್ಚಿದೆವು. ಸೆಕೆಂಡಿಗೆ ಸರಿಯಾಗಿ ಎರಡು ಸಲ, ನಿಮಿಷಕ್ಕೆ 120. ಅದು ಹಡಗುಗಳಿಗಾಗಿ ಬಹಿರಂಗವಾಗಿ ಕಳಿಸುವ ಹವಾಮಾನ ನಕ್ಷೆಯ ತಾಳ. ಒಂದು ಸಲಕ್ಕೆ ಚಿತ್ರದ ಒಂದು ಗೆರೆ. ಹುಡುಗ ಕಂಪ್ಯೂಟರಿಗೆ ಹಾಕಿದ, ಗೆರೆ ಗೆರೆಯಾಗಿ ಸಮುದ್ರದ ದಂಡೆ, ಮೋಡದ ಸುಳಿ ಮೂಡಿತು. ಕಾಕಾ ಕನ್ನಡಕ ಏರಿಸಿ ಹೊತ್ತು ನೋಡಿದರು. "ಮಳಿ ಯಾವಾಗ ಬರ್ತದ ಅಂತ ಬರದಾನೇನು ಇದರಾಗ?" ಅಂದರು. ಎಲ್ಲರೂ ನಕ್ಕು ಎದ್ದರು.

ಆ ದಿನ ನಕ್ಷೆ ಇತ್ತು, ತೋರಿಸಲು ಬಂತು. ನಿಜವಾಗಿಯೂ ಸೈನ್ಯದ ಸಂಕೇತವೇ ಆಗಿದ್ದರೆ? ಆಗಲೂ ಉತ್ತರ ಅಷ್ಟೇ ಸರಳ. ಅಂಥ ಸದ್ದು ಜಗತ್ತಿನ ಎಲ್ಲ ಅಂಗಳಗಳಲ್ಲೂ ಹಗಲು ರಾತ್ರಿ ಬೀಳುತ್ತಿರುತ್ತದೆ. ಅದು ಕೇಳಿಸಿತು ಅಂದರೆ ಯಾರೋ ಹತ್ತಿರ ಬಂದರು ಅಂತಲ್ಲ, ಕೇಳಿದವನು ಅವರ ಕಡೆಯವನು ಅಂತಲೂ ಅಲ್ಲ. ಒಂದೇ ಊರಿನಲ್ಲಿ ಕೂತು ಅದು ಎಲ್ಲಿಂದ ಬಂತು ಅಂತ ಹೇಳಲೂ ಬರುವುದಿಲ್ಲ, ಎರಡನೆಯ ಗೆರೆ ಬೇಕು. ಇದಿಷ್ಟು ಗೊತ್ತಿದ್ದರೆ ಹತ್ತು ಮಂದಿ ಬಾಗಿಲಿಗೆ ಬರುವ ಪ್ರಸಂಗ ಬರುವುದಿಲ್ಲ.

ಇನ್ನೊಂದು ಕಾರಣ ನಮ್ಮ ಭಾಗದ ಮರೆಯಲಾಗದ ನೋವಿನದು. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಬಂದು ಜನ ಮಲಗಿದ್ದ ರಾತ್ರಿ. ನಸುಕಿನ ನಾಲ್ಕರ ಹೊತ್ತಿಗೆ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಸುಮಾರು ಹತ್ತು ಸಾವಿರ ಜನ ಕಲ್ಲು ಮಣ್ಣಿನ ಗೋಡೆಗಳ ಕೆಳಗೆ ಹೋದರು. ನಮ್ಮ ಮನೆಗಳ ಪಾತ್ರೆಗಳೂ ಆ ದಿನ ಉರುಳಿದ್ದವು. ಆಗ ಮೊಬೈಲ್ ಇರಲಿಲ್ಲ. ಪರಿಹಾರದ ಕೆಲಸಕ್ಕೆ ಸುದ್ದಿ ಮುಟ್ಟಿಸಿದವರಲ್ಲಿ ಹ್ಯಾಮ್‌ಗಳೂ ಇದ್ದರು. ಅಂಥ ದಿನ ಅವರ ಪಟ್ಟಿಯ ಮೇಲೆ ಯಾವುದೋ ದೇಶದ ಮೋಡೆಮ್ ಗರಗರ ಅನ್ನುತ್ತ ಕೂತಿದ್ದರೆ "ಇಲ್ಲಿ ಇನ್ನೂ ಜೀವ ಇದೆ" ಎಂಬ ಸಣ್ಣ ದನಿ ಮುಚ್ಚಿಹೋಗುತ್ತದೆ. ನುಗ್ಗಿದವರು ಯಾರು ಅಂತ ಗುರುತಿಸಿ ದಾಖಲೆ ಇಟ್ಟರೆ ಮಾತ್ರ ಸರ್ಕಾರದ ಮೂಲಕ ಆ ದೇಶಕ್ಕೆ ದೂರು ಕೊಡಲು ಬರುತ್ತದೆ.

ಕಾನೂನಿನ ಮಾತೂ ತಿಳಿದಿರಲಿ. ಒಂದು ಕಾಲಕ್ಕೆ ಮನೆಯ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಪುಸ್ತಕ ಮಾಡಿಸಬೇಕಿತ್ತು. 1980ರ ದಶಕದ ನಡುವೆ ಅದು ಹೋಯಿತು. ಕಳಿಸುವ ಯಂತ್ರಕ್ಕೆ ಮಾತ್ರ ಪರೀಕ್ಷೆ ಕಟ್ಟಿ ಹ್ಯಾಮ್ ಲೈಸೆನ್ಸ್ ಪಡೆಯಲೇಬೇಕು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ನಿಯಮದಲ್ಲಿ ಸಾರ್ವಜನಿಕರಿಗಲ್ಲದ ಸಂದೇಶವನ್ನು ಅನುಮತಿಯಿಲ್ಲದೆ ಹಿಡಿದು ಬಯಲು ಮಾಡಬಾರದು ಅಂತ ಇದೆ. ಇನ್ನೊಬ್ಬರ ಲಕೋಟೆ ಒಡೆಯಬಾರದು ಅನ್ನೋ ನಮ್ಮ ಮನೆಯ ನಿಯಮವೇ ಅದು. ನಮ್ಮ ಸೈನ್ಯದ ಮಾತಿಗಂತೂ ಈ ಗೌರವ ಎರಡು ಪಟ್ಟು ಇರಲಿ. ನಮ್ಮ ಊರಿನ ಮಕ್ಕಳೂ ಆ ಸೆಟ್ಟುಗಳ ಮುಂದೆ ಕೂತಿರುತ್ತಾರೆ.

ಶಾಲೆಯ ಗುರುಗಳಿಗೆ ಒಂದು ಕೋರಿಕೆ. ಹಳೆಯ ಶಾರ್ಟ್‌ವೇವ್ ರೇಡಿಯೋ ಅಟ್ಟದ ಮೇಲಿದ್ದರೆ ಇಳಿಸಿರಿ. ಒಂದು ವಹಿಯಲ್ಲಿ ಆರು ಕಾಲಂ ಹಾಕಿಸಿರಿ: ದಿನಾಂಕ, ಗಂಟೆ, ಫ್ರೀಕ್ವೆನ್ಸಿ, ಸದ್ದು ಹೇಗಿದೆ, ಸೆಕೆಂಡಿಗೆ ಎಷ್ಟು ಸಲ, ಎಷ್ಟು ಹೊತ್ತು. ಏಳನೆಯದಾಗಿ "ನಮ್ಮ ಊಹೆ" ಎಂಬ ಕಾಲಂ ಬೇರೆ ಶಾಯಿಯಲ್ಲಿ ಇರಲಿ. ಒಂದು ತಿಂಗಳು ಮಕ್ಕಳು ಬರೆದರೆ ಹಗಲು ರಾತ್ರಿಯ ಪದರದ ಆಟ, ಭಾಗಾಕಾರ, ಭೂಗೋಳ ಎಲ್ಲ ಅದರಲ್ಲೇ ಬರುತ್ತದೆ. ಕೇಳಿದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯುವ ರೂಢಿಯೂ ಬರುತ್ತದೆ. ಅಂಥ ವಹಿ ತುಂಬಿದ ಮೇಲೆ ನಮ್ಮ ವಾಚನಾಲಯಕ್ಕೆ ತಂದುಕೊಟ್ಟರೆ ಕಪಾಟಿನಲ್ಲಿ ಜಾಗ ಇದೆ.